ವಿಶಾಖಪಟ್ಟಣದ ಸುಳ್ಳು ಸೂರ್ಯ

"ಸಾರ್, ಸೂರ್ಯ ಇನ್ನೂ ಉಂಟು. ಬುತ್ತಿ ಜೀಪಿನಲ್ಲೇ ಇಟ್ಟಿದ್ದೇನೆ. ಈಗ ತಿನ್ನದಿದ್ದರೆ ಇವತ್ತೂ ನಿಮಗೆ ಉಪವಾಸವೇ," ಎಂದು ಹೆಡ್ ಕಾನ್‌ಸ್ಟೇಬಲ್ ಪಾಸ್ಕಲ್ ಕಿವಿಯ ಬಳಿ ಪಿಸುಗುಟ್ಟಿದ.

ಸಬ್ ಇನ್‌ಸ್ಪೆಕ್ಟರ್ ಧರ್ಮಪಾಲ ಕಿಟಕಿಯತ್ತ ನೋಡಿದ. ಮಣಿಪಾಲದ ಆ ಸಭಾಂಗಣದ ಪಶ್ಚಿಮದ ಕಿಟಕಿಯಿಂದ ದೂರದ ಕಡಲು ಕಾಣುತ್ತಿತ್ತು. ಕಡಲಿನಿಂದ ಒಂದು ಗೇಣು ಮೇಲೆ ಸೂರ್ಯ ನಿಂತಿದ್ದ. ಕಿಟಕಿಯ ಪಕ್ಕದ ಗೋಡೆಯಲ್ಲಿ ಇನ್ನೊಬ್ಬ ಸೂರ್ಯನಿದ್ದ. ಅವನು ಬಣ್ಣದವನು, ಚೌಕಟ್ಟಿನೊಳಗಿನ ಕಡಲಿನಲ್ಲಿ ಆಗಲೇ ಅರ್ಧ ಮುಳುಗಿದ್ದ.

ಕಾರ್ಕಳದ ಜೈನ ಮನೆಯಲ್ಲಿ ಬೆಳೆದ ಧರ್ಮಪಾಲ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವನಲ್ಲ. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಈ ವ್ರತ ಅವನಿಗೆ ತಂದದ್ದು ಹಸಿವನ್ನು ಮಾತ್ರ. ಆದರೂ ಅವನು ಬಿಟ್ಟಿರಲಿಲ್ಲ. ಎಲ್ಲಿ ನಿಂತರೂ ಸಂಜೆಯಾಗುತ್ತಲೇ ಅವನ ಕಣ್ಣು ತಾನಾಗಿ ಪಡುವಣಕ್ಕೆ ಹೊರಳುತ್ತಿತ್ತು. ಹಾಗೆ ಹೊರಳಿದ ಕಣ್ಣು ಇಂದು ಚಿತ್ರದ ಸೂರ್ಯನ ಮೇಲೆ ಬಿದ್ದಿತ್ತು. ಹೊತ್ತು ಮೀರಿತು ಎಂದು ಹೊಟ್ಟೆ ಮೊದಲು ಹೇಳಿತು. ಏನೋ ಸರಿಯಿಲ್ಲ ಎಂದು ಬುದ್ಧಿ ಆಮೇಲೆ ಹೇಳಿತು.

ಅವನು ಬಾಗಿ ಚಿತ್ರದ ಕೆಳಮೂಲೆಯನ್ನು ನೋಡಿದ. ಚಿತ್ರಕಾರನದೇ ಕುಂಚದ ಅಕ್ಷರಗಳು: 'ವಿಶಾಖಪಟ್ಟಣದ ದಂಡೆಯಿಂದ. ಡಿಸೆಂಬರ್ ಸಂಜೆ, 1971.' ಅದರ ಕೆಳಗೆ ಸಹಿ: ಸಿರಿಲ್ ಕ್ಯಾಸ್ಟಲಿನೊ.

ನೌಕಾದಳದಿಂದ ನಿವೃತ್ತರಾಗಿ ಕಾಪುವಿನ ದೀಪಸ್ತಂಭದ ಸಮೀಪ ಮನೆ ಮಾಡಿ, ಯುದ್ಧಕಾಲದ ಕಡಲನ್ನು ಮಾತ್ರ ಬರೆಯುತ್ತಿದ್ದ ಕಮಾಂಡರ್ ಸಿರಿಲ್ ಈಗ ಮಣಿಪಾಲದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಚಿತ್ರವೊಂದನ್ನು ಕದ್ದು ಅವರನ್ನು ಮಹಡಿಯ ಚಿತ್ರಶಾಲೆಯ ಮೆಟ್ಟಿಲಿನಿಂದ ತಳ್ಳಿದ ಆರೋಪ ಹೊತ್ತು ಅವರ ಹಳೆಯ ನಾವಿಕ, ಹೂಡೆ ಊರಿನ ಅಣ್ಣು, ಠಾಣೆಯ ಲಾಕಪ್ಪಿನಲ್ಲಿ ಕುಳಿತಿದ್ದ. ನಾಳೆ ಬೆಳಿಗ್ಗೆ ಅವನನ್ನು ಉಡುಪಿಯ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಒಪ್ಪಿಸಿದರೆ ಅವನು ಮತ್ತೆ ಧರ್ಮಪಾಲನ ಕೈಗೆ ಸಿಗುವವನಲ್ಲ. ಅಣ್ಣು ನಿರಪರಾಧಿಯೆಂದು ಇಡೀ ಇಲಾಖೆಯಲ್ಲಿ ನಂಬಿದವನು ಧರ್ಮಪಾಲ ಒಬ್ಬನೇ. ನಂಬಿಕೆಗೆ ಆಧಾರ ಮಾತ್ರ ಈ ಕ್ಷಣದವರೆಗೂ ಇರಲಿಲ್ಲ.

"ಪಾಸ್ಕಲ್, ನೀನು ವಿಶಾಖಪಟ್ಟಣ ನೋಡಿದ್ದೀಯಾ?"

"ನಾನು ಬೊಂಬಾಯಿಯೇ ನೋಡಿಲ್ಲ ಸಾರ್."

ಧರ್ಮಪಾಲ ನೋಡಿದ್ದ. ಕೆಲವು ವರ್ಷಗಳ ಹಿಂದೆ ತಲೆಮರೆಸಿಕೊಂಡಿದ್ದ ಕಳ್ಳನೊಬ್ಬನನ್ನು ಕರೆತರಲು ಅವನು ಆ ಊರಿಗೆ ಹೋಗಿದ್ದ. ರೈಲಿಗೆ ಇನ್ನೂ ಹೊತ್ತಿತ್ತು. ಕೈಕೋಳದ ಕಳ್ಳನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊಟದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಕಡಲಿಗೆ ಮುಖ ಮಾಡಿ ದಂಡೆಯಲ್ಲಿ ಕುಳಿತಿದ್ದ. ಸೂರ್ಯ ನೀರಿನ ಬಳಿಗೆ ಬಂದಾಗ ಬಿಚ್ಚಿದರಾಯಿತು ಎಂಬುದು ಅವನ ಲೆಕ್ಕ. ಸೂರ್ಯ ಬರಲೇ ಇಲ್ಲ. ನೀರು ಕಪ್ಪಾಯಿತು. ಗಾಬರಿಯಿಂದ ತಿರುಗಿ ನೋಡಿದರೆ, ಬೆನ್ನ ಹಿಂದಿನ ಬೆಟ್ಟದಾಚೆ ಸೂರ್ಯ ಯಾವಾಗಲೋ ಇಳಿದು ಹೋಗಿದ್ದ. ಆ ರಾತ್ರಿಯ ಊಟವನ್ನು ಕಳ್ಳ ಚಪ್ಪರಿಸಿಕೊಂಡು ತಿಂದ.

ನಮ್ಮ ಕರಾವಳಿಯವರು ಮಾತ್ರ ಮಾಡಬಹುದಾದ ತಪ್ಪು ಅದು. ಮಲ್ಪೆಯಲ್ಲಿ, ಕಾಪುವಿನಲ್ಲಿ, ಹೂಡೆಯಲ್ಲಿ ಹುಟ್ಟಿದವನಿಗೆ ಸಂಜೆಯ ಸೂರ್ಯ ಹೋಗುವ ಜಾಗ ಒಂದೇ, ಅದು ಕಡಲು. ಪೂರ್ವದ ಕಡಲಿನಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುವುದಿಲ್ಲ ಎಂಬುದನ್ನು ಭೂಗೋಳದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಓದಿದ್ದನ್ನು ಕಣ್ಣು ನಂಬುವುದಿಲ್ಲ.

ಸಭಾಂಗಣ ತುಂಬ ಅಂಥ ಓದಿದವರೇ ನೆರೆದಿದ್ದರು. ವೈದ್ಯರು, ಪ್ರಾಧ್ಯಾಪಕರು, ರೇಷ್ಮೆ ಸೀರೆಯ ಗೃಹಿಣಿಯರು. ಅವರಲ್ಲಿ ಎಷ್ಟೋ ಮಂದಿ ಈ ಚಿತ್ರದ ಮುಂದೆ ನಿಂತು 'ಅದ್ಭುತ' ಎಂದು ಹೇಳಿ ಮುಂದೆ ಸರಿದಿದ್ದರು. ಚಿತ್ರಕಾರ ಸಾವಿನ ಬಾಗಿಲಲ್ಲಿ ಮಲಗಿರುವಾಗ ಅವನ ಚಿತ್ರಗಳ ಮುಂದೆ ಪಾನಕ ಕುಡಿಯಬಾರದೆಂಬ ಸಂಕೋಚವೂ ಆ ವಿದ್ಯೆಯಿಂದ ಹುಟ್ಟಿರಲಿಲ್ಲ. ಎದುರಿಗಿರುವ ಸುಳ್ಳನ್ನು ಕಾಣುವ ಕಣ್ಣು ಹುಟ್ಟೀತೆ? ಧರ್ಮಪಾಲನ ಮೈ ಉರಿಯಿತು.

"ಎಂತ ಇನ್‌ಸ್ಪೆಕ್ಟರ್, ಚಿತ್ರ ಇಷ್ಟವಾಯಿತಾ? ಸರಕಾರಿ ಸಂಬಳಕ್ಕೆ ಸ್ವಲ್ಪ ಕಷ್ಟ ಮಾರಾಯ್ರೇ!"

ಕ್ಲಾರೆನ್ಸ್ ನಗುತ್ತ ಬಂದ. ಕಮಾಂಡರರ ತಂಗಿಯ ಮಗ. ಮಸ್ಕತ್‌ನಿಂದ ರಜೆಗೆ ಬಂದವನು. ಈ ಪ್ರದರ್ಶನ ಅವನದೇ ಏರ್ಪಾಡು. 'ಸತ್ತ ಹುಡುಗರ ಕಡಲನ್ನು ನಾನು ಯಾರ ಗೋಡೆಗೂ ಮಾರುವುದಿಲ್ಲ' ಎಂದು ಕಮಾಂಡರ್ ಜೀವಮಾನವಿಡೀ ಹೇಳಿಕೊಂಡು ಬಂದದ್ದು ಕಾಪುವಿನ ಮಕ್ಕಳಿಗೂ ಗೊತ್ತಿತ್ತು. ಅಳಿಯನಿಗೆ ಗೊತ್ತಿರಲಿಲ್ಲವೆ?

"ಈ ಚಿತ್ರ ಬರೆದವರು ಯಾರು?" ಎಂದು ಧರ್ಮಪಾಲ ಕೇಳಿದ.

"ಕೆಳಗೆ ಸಹಿ ಉಂಟಲ್ಲ."

"ಸಹಿ ನನಗೂ ಕಾಣುತ್ತದೆ. ಬರೆದವರು ಯಾರೆಂದು ಕೇಳಿದೆ."

ಕ್ಲಾರೆನ್ಸನ ನಗು ಸ್ವಲ್ಪ ಸಣ್ಣದಾಯಿತು. "ಇದೆಂತ ಪ್ರಶ್ನೆ?"

"ವಿಶಾಖಪಟ್ಟಣದ ದಂಡೆಯಲ್ಲಿ ನಿಂತರೆ ಕಡಲು ಯಾವ ಕಡೆಗೆ?"

"ಎದುರಿಗೆ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಧರ್ಮಪಾಲ ನಗು ಮುಗಿಯುವವರೆಗೂ ಕಾದ.

"ಪೂರ್ವಕ್ಕೆ. ಪೂರ್ವದ ಕಡಲಿಗೆ ಸಂಜೆಯ ಸೂರ್ಯ ಹೇಗೆ ಇಳಿದ?"

ಒಬ್ಬ ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿ, ಚಿತ್ರವನ್ನು ಮತ್ತೊಮ್ಮೆ ನೋಡಿ, ಮೆಲ್ಲಗೆ ಬೇರೆ ಕಡೆ ನಡೆದರು.

"ಅದು ಬೆಳಗ್ಗಿನ ಸೂರ್ಯ ಆಗಿರಬಹುದು," ಎಂದ ಕ್ಲಾರೆನ್ಸ್.

"'ಸಂಜೆ' ಎಂದು ಬರೆದಿದೆ."

"ಅಂಕಲ್‌ಗೆ ವಯಸ್ಸಾಯಿತು. ತಪ್ಪಿರಬಹುದು. ನೀವು ಒಂದು ಸೂರ್ಯನನ್ನು ಹಿಡಿದುಕೊಂಡು—"

"ಯುದ್ಧದುದ್ದಕ್ಕೂ ಅದೇ ನೀರಿನಲ್ಲಿ ಗಸ್ತು ತಿರುಗಿದ ಅಧಿಕಾರಿಗೆ ದಿಕ್ಕು ತಪ್ಪುವುದಿಲ್ಲ. ಪೂರ್ವದ ದಂಡೆಯನ್ನೇ ಕಾಣದ, ಈ ಊರಲ್ಲೇ ಹುಟ್ಟಿ ಬೆಳೆದ ಯಾರೋ ಇದನ್ನು ಬರೆದು ಅವರ ಸಹಿ ಹಾಕಿದ್ದಾರೆ."

"ಧರ್ಮಪಾಲರೇ, ಸ್ವಲ್ಪ ಇತ್ತ ಬನ್ನಿ."

ಆ ಮರ್ಯಾದೆಯ ದನಿಯೊಳಗಿನ ಮುಳ್ಳು ಧರ್ಮಪಾಲನಿಗೆ ಚೆನ್ನಾಗಿ ಪರಿಚಯವಿತ್ತು. ಸರ್ಕಲ್ ಇನ್‌ಸ್ಪೆಕ್ಟರ್ ತಾರಾನಾಥರು ಪಾನಕದ ಗ್ಲಾಸು ಹಿಡಿದು ಕಂಬದ ಬಳಿ ನಿಂತಿದ್ದರು. ಅತಿಥಿಗಳ ಸಾಲಿನ ಮೊದಲ ಕುರ್ಚಿ ಅವರದಾಗಿತ್ತು.

"ಚಿತ್ರ ನೋಡಲು ಬಂದಿರೋ, ತನಿಖೆಗೆ ಬಂದಿರೋ?"

"ಸಾರ್, ಇದರ ನಿಜವಾದ ಚಿತ್ರ ನಮ್ಮ ಠಾಣೆಯಲ್ಲಿದೆ. ಅಣ್ಣುವಿನ ಮನೆಯಲ್ಲಿ ನಾವು ವಶಪಡಿಸಿಕೊಂಡದ್ದು ಇದೇ ದಂಡೆಯ ಚಿತ್ರ. ಅದರಲ್ಲಿ ಸೂರ್ಯನೇ ಇಲ್ಲ. ಬೆಟ್ಟದ ನೆರಳು ನೀರಿನ ಮೇಲೆ ಉದ್ದಕ್ಕೆ ಮಲಗಿದೆ. ಅರ್ಧಕ್ಕೆ ಬಿಟ್ಟ ಚಿತ್ರವೆಂದು ನಾನು ತಿಳಿದಿದ್ದೆ. ಈಗ ಅರ್ಥವಾಯಿತು, ಸೂರ್ಯ ನೋಡುವವನ ಬೆನ್ನ ಹಿಂದೆ ಇದ್ದಾನೆ, ಸತ್ಯ ಅದು. ಗೋಡೆಯ ಮೇಲಿರುವುದು ನಕಲು. ಅಣ್ಣು ಕದ್ದದ್ದಲ್ಲ, ಅಸಲನ್ನು ಕಾಯ್ದಿಟ್ಟದ್ದು."

"ಹಾಗೋ?" ತಾರಾನಾಥರು ಒಂದು ಗುಟುಕು ಕುಡಿದರು. "ನಾಳೆ ನ್ಯಾಯಾಧೀಶರ ಮುಂದೆ ಸೂರ್ಯನನ್ನು ಸಾಕ್ಷಿಗೆ ಕರೆಯುತ್ತೀರೋ? ಸಮನ್ಸು ಯಾರ ಕೈಯಲ್ಲಿ ಕಳಿಸುತ್ತೀರಿ?"

"ಸಾರ್, ಎರಡು ದಿನದ ಅವಕಾಶ ಕೊಡಿ."

"ಎರಡು ಗಂಟೆಯನ್ನೂ ಕೊಡುವುದಿಲ್ಲ. ಆರೋಪಿ ಸಿಕ್ಕಿದ್ದಾನೆ, ಮಾಲು ಸಿಕ್ಕಿದೆ. ನಿಮಗೆ ಸಿಗದಿರುವುದು ನೆಮ್ಮದಿ ಒಂದೇ. ಅದಕ್ಕೆ ಇಲಾಖೆ ಹೊಣೆಯಲ್ಲ."

ಸತ್ಯವನ್ನು ಕಂಡವನು ಅದನ್ನು ಹೇಳಲು ಅಪ್ಪಣೆ ಬೇಡಬೇಕು. ಕಾಣದವನು ಅಪ್ಪಣೆ ಕೊಡುವ ಕುರ್ಚಿಯಲ್ಲಿ ಕೂರಬೇಕು. ಇದು ಯಾವ ನ್ಯಾಯ? ಧರ್ಮಪಾಲ ಸೆಲ್ಯೂಟ್ ಹೊಡೆದು ಹೊರಬಂದ. ಜೀಪಿನ ಬಾಗಿಲಲ್ಲಿ ಪಾಸ್ಕಲ್ ಬುತ್ತಿ ಹಿಡಿದು ನಿಂತಿದ್ದ.

"ಸಾರ್, ಒಂದು ತುತ್ತಾದರೂ."

"ಆಸ್ಪತ್ರೆಗೆ ಬಿಡು."

ಪಾಸ್ಕಲ್ ಪಡುವಣವನ್ನೊಮ್ಮೆ, ಬುತ್ತಿಯನ್ನೊಮ್ಮೆ ನೋಡಿದ. "ಈ ಕೇಸು ಮುಗಿಯುವಾಗ ಲಾಕಪ್ಪಿನ ಸರಳಿನ ಎಡೆಯಲ್ಲಿ ನೀವೇ ಹೊರಗೆ ಬರುವಷ್ಟು ತೆಳ್ಳಗಾಗುತ್ತೀರಿ," ಎಂದು ಗೊಣಗಿ ಎಂಜಿನ್ ಶುರು ಮಾಡಿದ.

*

ಕಮಾಂಡರರ ಪತ್ನಿ ಗ್ಲ್ಯಾಡಿಸ್ ಬಾಯಿ ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಜಪಮಾಲೆ ಹಿಡಿದು ಕುಳಿತಿದ್ದರು. ನೆಟ್ಟಗಿನ ಬೆನ್ನು, ಬಿಳಿಯ ಕೂದಲು, ಇಸ್ತ್ರಿ ಮಾಡಿದ ಸೀರೆ. ಗಂಡ ಹೀಗೆ ಮಲಗಿದ ಮೇಲೆ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

"ಹೇಗಿದ್ದಾರೆ ಬಾಯಿ?"

"ನಿನ್ನೆಯ ಹಾಗೆಯೇ. ಉಸಿರು ಉಂಟು. ಕರೆದರೆ ಓಗೊಡುವುದಿಲ್ಲ. ಕುಳಿತುಕೊಳ್ಳಿ."

ಧರ್ಮಪಾಲ ಕುಳಿತುಕೊಳ್ಳಲಿಲ್ಲ. ಚಿತ್ರದ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಹೇಳುತ್ತಿದ್ದಂತೆ ಅವನಿಗೆ ಹಗುರವೆನಿಸಿತು. ಈ ತಾಯಿ ಒಂದು ಮಾತು ಹೇಳಿದರೆ ಸಾಕು. ಗೋಡೆಯ ಮೇಲಿರುವುದು ನನ್ನ ಗಂಡನ ಕೈಕೆಲಸವಲ್ಲ ಎಂದರೆ ಸಾಕು. ಅಣ್ಣುವಿನ ಕೊರಳಿನ ಹಗ್ಗ ಸಡಿಲವಾಗುತ್ತದೆ.

"ಅದು ನಕಲು. ಅಲ್ಲವೆ ಬಾಯಿ?"

ಗ್ಲ್ಯಾಡಿಸ್ ಬಾಯಿ ಜಪಮಾಲೆಯನ್ನು ಮಡಿಲಲ್ಲಿಟ್ಟರು.

"ಅಲ್ಲ. ಅದನ್ನು ಅವರೇ ಬರೆದದ್ದು."

"ಬಾಯಿ?"

"ಇದೇ ಜನವರಿಯಲ್ಲಿ. ನಾನು ಅದೇ ಕೋಣೆಯಲ್ಲಿ ಕಸೂತಿ ಹಾಕುತ್ತ ಕುಳಿತಿದ್ದೆ. ಸೂರ್ಯನಿಗೆ ಬಣ್ಣ ಕಲಸಿದ್ದನ್ನೂ ನೋಡಿದ್ದೇನೆ. ಹಳದಿ ಸಾಲದೆಂದು ಕುಂಚ ಎಸೆದು, ಮತ್ತೆ ಹೆಕ್ಕಿಕೊಂಡರು."

"ಅವರಿಗೆ ತಿಳಿಯದೆ? ವಿಶಾಖಪಟ್ಟಣದಲ್ಲಿ ಸೂರ್ಯ..."

"ನಾವು ಆ ಊರಿನ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು ಇನ್‌ಸ್ಪೆಕ್ಟರ‍್ರೇ. ಸಂಜೆ ಬಟ್ಟೆ ಒಣಗಿಸಲು ಬಿಸಿಲು ಯಾವ ಕಡೆ ಬರುತ್ತದೆಂದು ನನಗೆ ಗೊತ್ತಿಲ್ಲವಾ? ನಾನು ಕೇಳಿದೆ. 'ಎಂತ, ನಿಮ್ಮ ಸೂರ್ಯ ದಾರಿ ತಪ್ಪಿದನಾ?' ಎಂದೆ. ಉತ್ತರ ಕೊಡಲಿಲ್ಲ. ಆ ವಾರವೇ ಹಾಗೆ, ಮಾತೇ ಇಲ್ಲ. ಮುಗಿಸಿದ ದಿನ ಒಂದೇ ಮಾತು ಹೇಳಿದರು. 'ಅಣ್ಣುವನ್ನು ಕರೆಸು, ಅವನು ಇದನ್ನು ನೋಡಬೇಕು.'"

ಧರ್ಮಪಾಲ ಒಂದು ಹೆಜ್ಜೆ ಹತ್ತಿರ ಬಂದ.

"ಕರೆಸಿದಿರಾ?"

"ಹೂಡೆಗೆ ಹೇಳಿಕಳಿಸಿದೆ. ಸಂಜೆಗೆ ಬಂದ. ಅವನಿಗೆ ಬಾಗಿಲು ತೆರೆದು ಮಹಡಿ ತೋರಿಸಿ ನಾನು ಇಗರ್ಜಿಗೆ ಪ್ರಾರ್ಥನೆಗೆಂದು ಹೋದೆ. ತಿರುಗಿ ಬರುವಾಗ ಇವರು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು."

"ಅದೇ ಸಂಜೆ?"

"ಅದೇ ಸಂಜೆ."

ಆ ಸಂಜೆ ತಾನು ದೋಣಿಯಲ್ಲಿದ್ದೆನೆಂದು ಅಣ್ಣು ಆಣೆ ಮಾಡಿ ಹೇಳಿದ್ದ. ಆ ಮಾತಿನ ಮೇಲೆ ಧರ್ಮಪಾಲ ತನ್ನ ನಂಬಿಕೆಯನ್ನೆಲ್ಲ ಕಟ್ಟಿದ್ದ.

"ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಬಾಯಿ?" ಅವನ ದನಿ ಏರಿತು. ಆಚೆ ಬೆಂಚಿನವರು ತಿರುಗಿ ನೋಡಿದರು. "ಒಬ್ಬ ಮನುಷ್ಯನ ಜೀವದ ಪ್ರಶ್ನೆ ಇದು!"

"ನನ್ನ ಗಂಡನದೂ ಜೀವವೇ," ಎಂದರು ಗ್ಲ್ಯಾಡಿಸ್ ಬಾಯಿ, ದನಿ ಏರಿಸದೆ. "ಕೇಳಿದವರಿಗೆ ಹೇಳುತ್ತಿದ್ದೆ. ನೀವು ಕೇಳಿದ್ದು ಚಿತ್ರ ಕಳುವಾದ ವಿಷಯ. ನಿಮ್ಮ ಸರ್ಕಲ್ ಸಾಹೇಬರು ಏನೂ ಕೇಳಲಿಲ್ಲ, ತಾವೇ ಬರೆದುಕೊಂಡು ಸಹಿ ಹಾಕಿಸಿದರು. ಅಣ್ಣು ನಮ್ಮ ಮನೆಯಲ್ಲಿ ಉಂಡವನು. ಅವನ ಮೇಲೆ ನಾನಾಗಿ ದೂರು ಹೇಳಲು ಮನಸ್ಸು ಬರಲಿಲ್ಲ. ಈಗ ನೀವು ಎದುರು ನಿಂತು ಕೇಳಿದಿರಿ. ಸುಳ್ಳು ಹೇಳಲಾ?"

"ಶಾಭಾಸ್!"

ಮೊಗಸಾಲೆಯ ತಿರುವಿನಲ್ಲಿ ತಾರಾನಾಥರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. "ಆರೋಪಿ ಮನೆಗೆ ಬಂದದ್ದಕ್ಕೆ ಸಾಕ್ಷಿ ಇಲ್ಲವೆಂದು ನನಗೆ ಒಂದೇ ಚಿಂತೆಯಿತ್ತು. ಅದನ್ನೂ ನೀವೇ ಹುಡುಕಿ ಕೊಟ್ಟಿರಿ. ಬಾಯಿಯವರ ಹೇಳಿಕೆ ಬರೆದುಕೊಳ್ಳಿ ಧರ್ಮಪಾಲರೇ. ಅಕ್ಷರ ಚೆನ್ನಾಗಿರಲಿ."

ಅಣ್ಣುವನ್ನು ಬಿಡಿಸಲೆಂದು ಹಿಡಿದ ಎಳೆಯಿಂದಲೇ ಧರ್ಮಪಾಲ ಅವನನ್ನು ಬಿಗಿದಿದ್ದ. ಹೇಳಿಕೆಯನ್ನು ಅವನು ಬರೆದುಕೊಂಡ. ಅಕ್ಷರ ಚೆನ್ನಾಗಿರಲಿಲ್ಲ. ತಲೆಯೆತ್ತಿ ನೋಡಿದಾಗ ಕಿಟಕಿಯಾಚೆ ಬೆಳಕು ಆರಿತ್ತು. ಬುತ್ತಿ ಜೀಪಿನಲ್ಲಿಯೇ ಉಳಿದಿತ್ತು.

*

ಮರುದಿನ ಬೆಳಿಗ್ಗೆ ಠಾಣೆಯ ಕಿಟಕಿಯಲ್ಲಿ ಕಾಪುವಿನ ಕಡಲು ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿತ್ತು. ಧರ್ಮಪಾಲ ವಶಪಡಿಸಿಕೊಂಡ ಚಿತ್ರವನ್ನು ಲಾಕಪ್ಪಿನ ಎದುರಿನ ಮೇಜಿಗೆ ಒರಗಿಸಿ ನಿಲ್ಲಿಸಿದ. ಪಾಸ್ಕಲ್ ಬಾಗಿಲ ಬಳಿ ನಿಂತ.

"ಅಣ್ಣು, ನೀನು ನನಗೆ ಸುಳ್ಳು ಹೇಳಿದೆ."

ಸರಳಿನಾಚೆ ಕುಳಿತಿದ್ದ ಅಣ್ಣು ತಲೆಯೆತ್ತಲಿಲ್ಲ. ಅಗಲ ಹೆಗಲಿನ ಮೊಗವೀರ. ನೌಕಾದಳ ಬಿಟ್ಟ ಮೇಲೆ ಮತ್ತೆ ದೋಣಿ ಹಿಡಿದವನು. ಈ ದಿನಗಳಲ್ಲಿ ಅವನ ಹೆಗಲು ಒಂದು ಕೈಯಗಲ ಇಳಿದುಹೋಗಿತ್ತು.

"ಆ ಸಂಜೆ ನೀನು ಆ ಮನೆಯಲ್ಲಿದ್ದೆ. ಯಾಕೆ ಮುಚ್ಚಿಟ್ಟೆ? ನಿನಗಾಗಿ ನಾನು ಮೇಲಿನವರ ಬೈಗುಳ ತಿಂದೆ. ಅನ್ನವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದೆ! ಬಾಯಿ ಬಿಡು ಮಾರಾಯ. ಈಗ ಜೀಪು ಬರುತ್ತದೆ. ಆಮೇಲೆ ನಾನು ಯಾರೂ ಅಲ್ಲ."

ಅಣ್ಣು ತಲೆಯನ್ನು ಇನ್ನಷ್ಟು ಬಗ್ಗಿಸಿದ.

"ಬಿಡು. ಕಮಾಂಡರರು ಆ ಚಿತ್ರದಲ್ಲಿ ಸೂರ್ಯನನ್ನು ಕಡಲಿನಲ್ಲಿ ಮುಳುಗಿಸಿದ್ದು ಯಾಕೆಂದಾದರೂ ಹೇಳು."

ಅಣ್ಣುವಿನ ತಲೆ ಥಟ್ಟನೆ ಮೇಲೆದ್ದಿತು.

"ನೀವು ನೋಡಿದಿರಾ ಸಾರ್? ಆ ಸೂರ್ಯನನ್ನು ನೀವು ನೋಡಿದಿರಾ?"

"ನೋಡಿದೆ. ಆ ಊರಿನಲ್ಲಿ ನಾನೂ ಒಮ್ಮೆ ಕಡಲಿಗೆ ಮುಖ ಮಾಡಿ ಸೂರ್ಯನನ್ನು ಕಾದು ಉಪವಾಸ ಬಿದ್ದವನು."

ಅಣ್ಣುವಿನ ಮುಖದಲ್ಲಿ ಇಷ್ಟು ದಿನಗಳಲ್ಲಿ ಮೊದಲ ಸಲ ನಗುವಿನಂಥದ್ದೊಂದು ಸುಳಿಯಿತು. ಅವನು ಎದ್ದು ಬಂದು ಸರಳು ಹಿಡಿದ.

"ನಾನೂ ಹಾಗೇ ಸಾರ್. ಹೊಸದಾಗಿ ಸೇರಿದಾಗ ಅಲ್ಲಿ ಕಡಲು ನೋಡುತ್ತ ಕುಳಿತಿದ್ದೆ. ಇಡೀ ಹಡಗು ನನ್ನನ್ನು ನೋಡಿ ನಕ್ಕಿತು. 'ಹೂಡೆಯ ಸೂರ್ಯ ಬಂದನಾ?' ಎಂದು ತಿಂಗಳುಗಟ್ಟಲೆ ತಮಾಷೆ ಮಾಡಿದರು. ನಗದೆ ಇದ್ದವರು ಕಮಾಂಡರ್ ಸಾಹೇಬ್ರು ಒಬ್ಬರೇ. ಆಗ ಅವರು ಲೆಫ್ಟಿನೆಂಟ್. 'ನಾನೂ ಮೊದಲ ದಿನ ಕಾದಿದ್ದೆ ಮಾರಾಯ' ಎಂದರು."

"ಮುಂದೆ?"

"ಯುದ್ಧದ ಸಮಯ. ದಂಡೆ ಕಾಣುವಷ್ಟು ಹತ್ತಿರದಲ್ಲಿ ಒಂದು ಸರಕಿನ ಹಡಗನ್ನು ತಡೆದೆವು. ತಪಾಸಣೆಗೆ ಸಾಹೇಬ್ರು ಹತ್ತಿದರು. ನಾನು ಕೆಳಗೆ ದೋಣಿಯಲ್ಲಿ ಹಗ್ಗ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಬಗ್ಗಿ ಕೂಗಿದರು. 'ಎಲ್ಲ ಸರಿ ಉಂಟು ಅಣ್ಣು, ನೀವು ತಿರುಗಿ ಹೋಗಿ. ಸೂರ್ಯ ಕಡಲಿಗೆ ಇಳಿದ ಮೇಲೆ ನನ್ನನ್ನು ಕರೆದುಕೊಂಡು ಹೋಗಲು ಬಂದರೆ ಸಾಕು.'"

ಅಣ್ಣು ಕಿಟಕಿಯಾಚೆಯ ಕಡಲನ್ನೊಮ್ಮೆ ನೋಡಿದ.

"ದೋಣಿಯಲ್ಲಿದ್ದ ಉಳಿದವರಿಗೆ ಅದು ಬರೀ ಮಾತು. ನನಗೆ ಮೈ ತಣ್ಣಗಾಯಿತು. ಸೂರ್ಯ ಗುಡ್ಡೆಯ ಮೇಲೆ ಇದ್ದಾನೆ, ನಮ್ಮ ಕಣ್ಣೆದುರೇ ಇದ್ದಾನೆ. ಅಲ್ಲಿ ಸೂರ್ಯ ಕಡಲಿಗೆ ಇಳಿಯುವುದಿಲ್ಲವೆಂದು ಸಾಹೇಬ್ರಿಗೂ ಗೊತ್ತು, ನನಗೆ ಗೊತ್ತೆಂದೂ ಅವರಿಗೆ ಗೊತ್ತು. ಮತ್ತೆ ಯಾಕೆ ಹಾಗೆ ಹೇಳಿದರು? ಅವರ ಬೆನ್ನಿಗೆ ಯಾರೋ ಪಿಸ್ತೂಲು ಹಿಡಿದಿದ್ದಾರೆ ಸಾರ್! ನಾವು ತಿರುಗಿ ಹೋದೆವು, ಬಂದೂಕಿನವರನ್ನು ಕರೆದುಕೊಂಡು ಬಂದೆವು. ಸಾಹೇಬ್ರು ಬದುಕಿದರು. ನಮ್ಮ ಕೆಲವು ಹುಡುಗರು ಬದುಕಲಿಲ್ಲ. ಆಮೇಲೆ ಅವರು ಬರೆದದ್ದೆಲ್ಲ ಆ ಹುಡುಗರ ಕಡಲೇ."

ಧರ್ಮಪಾಲ ಮೇಜಿನ ಮೇಲಿನ ಚಿತ್ರವನ್ನು ನೋಡಿದ. ಸತ್ಯವಾದ ಕಡಲು, ಅದರ ಮೇಲೆ ಬೆಟ್ಟದ ನೆರಳು. ಮಣಿಪಾಲದ ಗೋಡೆಯ ಮೇಲಿರುವುದು ನಕಲಲ್ಲ, ಮುಪ್ಪಿನ ಮರೆವೂ ಅಲ್ಲ. ಅದು ಒಬ್ಬ ಮನುಷ್ಯ ಕೈಲಾದ ಒಂದೇ ರೀತಿಯಲ್ಲಿ ಹಾಕಿದ ಕೂಗು. ಆ ಕೂಗಿನ ಮುಂದೆ ನಿಂತು ಊರು ಪಾನಕ ಕುಡಿದಿತ್ತು.

"ಅವರನ್ನು ಯಾರೋ ಹೆದರಿಸಿ ಬರೆಸುತ್ತಿದ್ದರು," ಎಂದ ಅವನು ನಿಧಾನವಾಗಿ. "ನೀನು ಬಂದು ನೋಡಿದೆ. ನಿನಗೆ ಅರ್ಥವಾಯಿತು."

"ಬಾಗಿಲಲ್ಲಿ ಕಾಲಿಡುವಾಗಲೇ ಅರ್ಥವಾಯಿತು. ಮಾತಾಡುವ ಹಾಗಿರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರಿದ್ದರು. ಸಾಹೇಬ್ರು ನನ್ನ ಮುಖ ನೋಡದೆ, 'ಅಣ್ಣು, ಆ ಸೂರ್ಯನಿಲ್ಲದ ಹಳೆಯ ಚಿತ್ರ ನೀನು ಕೊಂಡುಹೋಗು, ದೋಣಿಗೆ ಹೊದಿಸಲಿಕ್ಕೆ ಆದೀತು. ನಾನು ಕೇಳುವ ತನಕ ಯಾರಿಗೂ ಎಂತದ್ದೂ ಹೇಳಬೇಡ' ಎಂದರು. ಇನ್ನೊಬ್ಬರು ನಕ್ಕರು. ನಾನು ಚಿತ್ರ ಎತ್ತಿಕೊಂಡು ಹೋದೆ. ಅಂದು ಹಡಗಿಗೆ ತಿರುಗಿ ಹೋಗಿ ಬಂದೂಕಿನವರನ್ನು ಕರೆದೆ. ಇಲ್ಲಿ ಯಾರನ್ನು ಕರೆಯಲಿ ಸಾರ್?"

"ಠಾಣೆಗೆ ಬರಬಹುದಿತ್ತಲ್ಲ!"

ಅಣ್ಣು ನೆಲ ನೋಡಿದ.

"ಕೋಣೆಯಲ್ಲಿದ್ದದ್ದು ಯಾರು? ಕ್ಲಾರೆನ್ಸನೋ?"

"ಕ್ಲಾರೆನ್ಸ್ ಬಾಬು ಆ ದಿನ ಕಾರ್ಕಳದಲ್ಲಿ ಮದುವೆಯಲ್ಲಿ ಕುಣಿಯುತ್ತಿದ್ದರು. ಊರಿಗೆಲ್ಲ ಗೊತ್ತು."

"ಹೌದು ಸಾರ್," ಎಂದ ಪಾಸ್ಕಲ್ ಬಾಗಿಲಿನಿಂದ. "ನಮ್ಮ ಸಂಬಂಧಿಕರ ಮದುವೆಯೇ. ರಾತ್ರಿಯವರೆಗೂ ಅಲ್ಲೇ ಇದ್ದ, ನಾನೇ ಕಣ್ಣಾರೆ ಕಂಡೆ."

"ಮತ್ತೆ ಯಾರು ಅಣ್ಣು? ಹೆಸರು ಹೇಳು. ಆ ಒಂದು ಹೆಸರು ಸಿಕ್ಕಿದರೆ ನಿನ್ನನ್ನು ಈ ಬಾಗಿಲು ದಾಟಲು ಬಿಡುವುದಿಲ್ಲ, ಇದು ನನ್ನ ಮಾತು."

ಅಣ್ಣು ಸರಳಿಗೆ ಮುಖ ತಂದ. ತುಟಿ ತೆರೆದ.

ಅಂಗಳದಲ್ಲಿ ಜೀಪು ನಿಂತಿತು. ಬೂಟಿನ ಸದ್ದು, ಅದರ ಹಿಂದೆಯೇ ಚಪ್ಪಲಿಯ ಸದ್ದು. ಪಾಸ್ಕಲ್ ಥಟ್ಟನೆ ಸೆಟೆದು ನಿಂತು ದಾರಿ ಬಿಟ್ಟ.

ಮೊದಲು ಬಂದವರು ತಾರಾನಾಥರು. ಅವರ ಹೆಗಲ ಹಿಂದೆ, ಮಡಿಸಿದ ಕೊಡೆಯನ್ನು ಎದೆಗೆ ಒತ್ತಿಕೊಂಡು, ಗ್ಲ್ಯಾಡಿಸ್ ಬಾಯಿ.

"ನ್ಯಾಯಾಲಯಕ್ಕೆ ಹೋಗುವ ಮೊದಲು ಬಾಯಿಯವರು ಚಿತ್ರವನ್ನು ಗುರುತಿಸಬೇಕು," ಎಂದರು ತಾರಾನಾಥರು. ಅವರ ಕಣ್ಣು ಧರ್ಮಪಾಲನಿಂದ ಸರಳಿನ ಕಡೆಗೆ ಹೋಯಿತು. "ಏನು, ಆರೋಪಿ ಕಥೆ ಹೇಳುತ್ತಿದ್ದಾನೋ?"

"ಅಣ್ಣೂ," ಎಂದರು ಗ್ಲ್ಯಾಡಿಸ್ ಬಾಯಿ ಮೃದುವಾಗಿ. "ಹೇಳಬೇಕಾದದ್ದನ್ನು ಹೇಳಿ ಮುಗಿಸು ಮಗಾ. ದೇವರು ನೋಡುತ್ತಾನೆ."

ಅಣ್ಣುವಿನ ಕೈ ಸರಳಿನಿಂದ ಜಾರಿತು. ಬಾಗಿಲಲ್ಲಿ ನಿಂತಿದ್ದ ಇಬ್ಬರನ್ನೂ ಅವನು ನೋಡಿದ. ಆಮೇಲೆ ಧರ್ಮಪಾಲನ ಕಣ್ಣಲ್ಲಿ ಕಣ್ಣು ನೆಟ್ಟು, ಹಡಗಿನ ಅಟ್ಟದಲ್ಲಿ ನಿಂತವನಂತೆ ನೆಟ್ಟಗಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಎಂತ ಕಥೆಯೂ ಇಲ್ಲ ಸಾರ್, ಎಲ್ಲ ಸರಿ ಉಂಟು. ನಮ್ಮ ಕಾಪುವಿನಲ್ಲಿ ಸೂರ್ಯ ದಿನಾ ಗುಡ್ಡೆಯ ಹಿಂದೆ ಮುಳುಗುತ್ತಾನಲ್ವಾ, ಅದನ್ನೇ ಹೇಳುತ್ತಿದ್ದೆ."

ತಿದ್ದಲೆಂದು ಪಾಸ್ಕಲ್ ಬಾಯಿ ತೆರೆದ. ಧರ್ಮಪಾಲನ ಬೂಟು ಅವನ ಕಾಲಿನ ಮೇಲೆ ಬಿದ್ದಿತು. ಆ ಸಂಜೆ ಕೋಣೆಯಲ್ಲಿದ್ದ ಇನ್ನೊಬ್ಬರು ಈಗ ಈ ಬಾಗಿಲಲ್ಲೇ ಇದ್ದರು. ಕಿಟಕಿಯಾಚೆ, ಗುಡ್ಡವೇ ಇಲ್ಲದ ಪಡುವಣದಲ್ಲಿ, ಕಡಲು ದಿಗಂತದವರೆಗೂ ಬಯಲಾಗಿ ಹರಡಿತ್ತು.

"ಬೀಗದ ಕೈ ಕೊಡಿ," ಎಂದು ತಾರಾನಾಥರು ಅಂಗೈ ಚಾಚಿದರು.

"ಹೌದು ಅಣ್ಣು," ಎಂದ ಧರ್ಮಪಾಲ, ಆ ಅಂಗೈಯನ್ನು ನೋಡದೆ. "ಗುಡ್ಡೆಯ ಹಿಂದೆಯೇ."

ಬೀಗದ ಕೈಯನ್ನು ಅವನು ತನ್ನ ಕಿಸೆಗೆ ಹಾಕಿಕೊಂಡ.